ಬೈತಖೋಲದ ಬೋಟಿಗೊಂದು ಕಂಪ್ಯೂಟರ್ ಕಟ್ಟಿದ್ದು

ಬೋಟಿನಿಂದ ಇಳಿಸಿ ನನ್ನ ಅಂಗಡಿಗೆ ತಂದ ಲ್ಯಾಪ್‌ಟಾಪ್ ಬಿಚ್ಚಿದಾಗ ಒಳಗೆ ಒಂದು ಹನಿ ನೀರೂ ಇರಲಿಲ್ಲ. ನೀರು ಬಿದ್ದು ಒಣಗಿದ ಕಲೆಯೂ ಇಲ್ಲ. ಆದರೂ ಬೋರ್ಡು ಪೂರ್ತಿ ಸತ್ತಿತ್ತು. ಫ್ಯಾನ್ ಗಾಳಿ ಎಳೆಯುವ ಕಡೆಯಿಂದ ಚಾರ್ಜಿಂಗ್ ಸಾಕೆಟ್‌ವರೆಗೆ ತೆಳ್ಳಗೆ ಬಿಳಿ ಪುಡಿ ಕೂತಿತ್ತು. ಅದನ್ನು ಕೆರೆದರೆ ಕೆಳಗೆ ಹಸಿರು ಕಿಲುಬು. ರ್ಯಾಮ್ ಕೂರುವ ಸ್ಲಾಟಿನ ಪಿನ್ನುಗಳ ಮೇಲೂ ಅದೇ.

ಬೋಟು ಕಾರವಾರದ ಬೈತಖೋಲ ಬಂದರಿನದ್ದು. ಮರದ ಮೈ, ಮೇಲೆ ಫೈಬರ್ ಹೊದಿಕೆ, ಟ್ರಾಲ್ ಬಲೆ. ಅದರ ತಾಂಡೇಲರನ್ನು, ಅಂದರೆ ಬೋಟು ನಡೆಸುವವರನ್ನು, ನಾನು ಮಾಮ ಅಂತಲೇ ಕರೆಯುವುದು. "ತಮ್ಮಾ, ಇದು ಕ್ಯಾಬಿನ್ ಬಿಟ್ಟು ಹೊರಗೆ ಬಂದೇ ಇಲ್ಲ. ನೀರೇ ತಾಗದೆ ಹೇಗೆ ಹಾಳಾಯ್ತು?" ಅಂತ ಅವರು ಕೇಳಿದರು.

ಹಾಳು ಮಾಡಿದ್ದು ಗಾಳಿ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಅಲೆ ಒಡೆದಾಗ ಹಾರುವ ಸಣ್ಣ ತುಂತುರು ಗಾಳಿಯಲ್ಲೇ ಒಣಗುತ್ತದೆ, ಉಪ್ಪಿನ ಕಣ ತೇಲುತ್ತಾ ಉಳಿಯುತ್ತದೆ. ಫ್ಯಾನ್ ಅದನ್ನು ಒಳಗೆ ಎಳೆದು ಬೋರ್ಡಿನ ಮೇಲೆ ಕೂರಿಸುತ್ತದೆ. ಗಾಳಿಯ ತೇವ ಶೇ. 75 ದಾಟಿದರೆ ನಾವು ತಿನ್ನುವ ಉಪ್ಪು ತಾನಾಗಿ ನೀರು ಎಳೆದುಕೊಂಡು ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇದೆ. ಅದಕ್ಕೆ ಶೇ. 33 ತೇವ ಸಾಕು. ಕಾರವಾರದಲ್ಲಿ ಗಾಳಿ ಅಷ್ಟು ಒಣಗುವುದು ತೀರಾ ಅಪರೂಪ. ಅಂದರೆ ಬೋರ್ಡಿನ ಮೇಲೆ ಕೂತ ಉಪ್ಪು ವರ್ಷವಿಡೀ ಒದ್ದೆಯೇ. ಅದರ ಮೂಲಕ ಸಣ್ಣಗೆ ಕರೆಂಟ್ ಹರಿಯುತ್ತದೆ, ತಾಮ್ರ ಕರಗುತ್ತದೆ.

ಇದನ್ನು ಮಾಮನಿಗೆ ಹೇಳಿ, ಇನ್ನೊಂದು ಲ್ಯಾಪ್‌ಟಾಪ್ ತಂದಿಟ್ಟರೆ ಅದಕ್ಕೂ ಇದೇ ಗತಿ ಅಂದೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಬೋಟು ದಕ್ಕೆಯಲ್ಲೇ ಇರುತ್ತದೆ. ಅಷ್ಟರಲ್ಲಿ ಬೋಟಿಗೆ ಅಂತಲೇ ಒಂದನ್ನು ಕಟ್ಟೋಣ ಅಂತ ಮಾತಾಯಿತು.

ಯಾವುದು ತಗೊಳ್ಳೋದು

ಮೊದಲು ಕೆಲಸ ಏನು ಅಂತ ಕೇಳಿಕೊಂಡೆ. ಕಡಲ ನಕ್ಷೆಯ ಮೇಲೆ ಬೋಟಿನ ಜಾಗ ದೊಡ್ಡದಾಗಿ ಕಾಣಬೇಕು. ಸುತ್ತ ಓಡಾಡುವ ಹಡಗುಗಳು ಕಾಣಬೇಕು. ಮಾಮ ವರ್ಷಗಟ್ಟಲೆ ಗುರುತು ಮಾಡಿಟ್ಟ ಜಾಗಗಳು ಒಳಗೆ ಇರಬೇಕು. ಹೊರಡುವ ಮೊದಲು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಮೀನು ಸಿಗಬಹುದಾದ ಜಾಗಗಳ ಮಾಹಿತಿಯನ್ನು ಇಳಿಸಿಕೊಳ್ಳಬೇಕು. ಅಷ್ಟೇ. ಇದಕ್ಕೆ ಭಾರೀ ಪ್ರೊಸೆಸರ್ ಬೇಕಾಗಿಲ್ಲ.

ಹಡಗು ಕಾಣಬೇಕು ಅನ್ನುವುದು ಮಾಮನಿಗಿಂತ ನನ್ನದೇ ಹಟ. 2021ರ ಏಪ್ರಿಲಿನಲ್ಲಿ ಮಂಗಳೂರಿನ ಆಚೆ ಕಡಲಿನಲ್ಲಿ ಕೇರಳದ ಬೇಪೂರಿನ ಮೀನುಗಾರಿಕೆ ಬೋಟಿಗೂ ಒಂದು ಸರಕು ಹಡಗಿಗೂ ರಾತ್ರಿ ಡಿಕ್ಕಿಯಾಯಿತು. ಬೋಟಿನಲ್ಲಿದ್ದ 14 ಜನರಲ್ಲಿ ಹೆಚ್ಚಿನವರು ಬದುಕಲಿಲ್ಲ. ಮರ್ಮಗೋವಾ, ಮಂಗಳೂರು, ಕೊಚ್ಚಿ ಕಡೆಯ ಹಡಗುಗಳು ನಮ್ಮ ಕರಾವಳಿಯ ಮುಂದೆಯೇ ಹಾದುಹೋಗುತ್ತವೆ. ಆ ಹಡಗುಗಳು ತಮ್ಮ ಹೆಸರು, ಜಾಗ, ವೇಗ, ದಿಕ್ಕು ಎಲ್ಲವನ್ನೂ ಎಐಎಸ್ ಅನ್ನುವ ರೇಡಿಯೋ ವ್ಯವಸ್ಥೆಯ ಮೂಲಕ 161.975 ಮತ್ತು 162.025 ಮೆಗಾಹರ್ಟ್ಸ್‌ನಲ್ಲಿ ಸಾರುತ್ತಲೇ ಇರುತ್ತವೆ. ಅದನ್ನು ಕೇಳಿಸಿಕೊಳ್ಳಲು ಒಂದು ಸಣ್ಣ ರಿಸೀವರ್ ಸಾಕು. ಬಲೆ ಬಿಟ್ಟಾಗ ಬೋಟು ಥಟ್ಟನೆ ತಿರುಗಲಾರದು. ಅರ್ಧ ಗಂಟೆ ಮೊದಲೇ ಗೊತ್ತಾದರೆ ಜೀವ ಉಳಿಯುತ್ತದೆ.

ಈಗ ಆಯ್ಕೆಗಳು. ಬೆಂಗಳೂರಿನ ಎಸ್‌ಪಿ ರೋಡ್ ಕಡೆ ಸೆಕೆಂಡ್ ಹ್ಯಾಂಡ್ ಟಫ್‌ಬುಕ್, ಅಂದರೆ ಒರಟು ಬಳಕೆಗೆ ಅಂತಲೇ ಮಾಡಿದ ಲ್ಯಾಪ್‌ಟಾಪ್ ಸಿಗುತ್ತವೆ. ಪ್ಯಾನಾಸೋನಿಕ್‌ನ ಸಿಎಫ್-19, ಸಿಎಫ್-31 ತರಹದವು. ಹೊಸದಿದ್ದಾಗ ಐಪಿ65, ಅಂದರೆ ಧೂಳು ಪೂರ್ತಿ ತಡೆಯುತ್ತದೆ, ಪೈಪಿನಿಂದ ನೀರು ಬಿಟ್ಟರೂ ತಡೆಯುತ್ತದೆ. ಒಳ್ಳೆಯ ಯಂತ್ರಗಳು. ಆದರೆ ಆ ರೇಟಿಂಗ್ ನಿಂತಿರುವುದು ಪೋರ್ಟಿನ ಮುಚ್ಚಳಗಳ ರಬ್ಬರಿನ ಮೇಲೆ. ಹತ್ತು ವರ್ಷ ಹಳೆಯ ರಬ್ಬರ್ ಗಟ್ಟಿಯಾಗಿರುತ್ತದೆ. ಜೊತೆಗೆ ಚಾರ್ಜ್ ಹಾಕುವಾಗ ಮುಚ್ಚಳ ತೆಗೆದೇ ಇಡಬೇಕಲ್ವಾ? ಇನ್ನು ಅದಕ್ಕೆ ಬೇಕಾದದ್ದು 15.6 ವೋಲ್ಟ್. ಬೋಟಿನಲ್ಲಿ 24 ವೋಲ್ಟ್ ಇದೆ, ಮಧ್ಯೆ ಬೇರೆ ಕನ್ವರ್ಟರ್ ಬೇಕೇಬೇಕು. ದಕ್ಕೆಯ ಮೇಲೆ ಓಡಾಡಿಕೊಂಡು ಲೆಕ್ಕ ಬರೆಯುವವರಿಗೆ ನಾನು ಟಫ್‌ಬುಕ್ಕನ್ನೇ ತಗೊಳ್ಳಿ ಅನ್ನುತ್ತೇನೆ. ಕ್ಯಾಬಿನ್ನಿನಲ್ಲಿ ಹಗಲು ರಾತ್ರಿ ಆನ್ ಆಗಿರುವುದಕ್ಕೆ ಅಲ್ಲ.

ಮೊಬೈಲು, ಟ್ಯಾಬ್ಲೆಟ್ ಎಲ್ಲರ ಹತ್ತಿರವೂ ಇದೆ. ಬಿಸಿಲಿಗೆ ಬಿಸಿಯಾಗಿ ಆಫ್ ಆಗುತ್ತವೆ. ಒದ್ದೆ ಕೈ ತಾಗಿದರೆ ಟಚ್ ಕೆಲಸ ಮಾಡುವುದಿಲ್ಲ. ಉಪ್ಪುನೀರಿನ ಹನಿಯನ್ನೇ ಬೆರಳು ಅಂದುಕೊಳ್ಳುತ್ತವೆ. ಐಪಿ68 ಅಂತ ಬರೆದಿದ್ದರೂ ಆ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ಚಾರ್ಜಿಂಗ್ ಪೋರ್ಟಿಗೆ ಉಪ್ಪು ಸೇರಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ.

ಫ್ಯಾನ್ ಇಲ್ಲದ ಇಂಡಸ್ಟ್ರಿಯಲ್ ಪಿಸಿ ಚೆನ್ನಾಗಿರುತ್ತದೆ. ಹಲವು ಮಾಡೆಲ್ಲುಗಳು 9ರಿಂದ 36 ವೋಲ್ಟ್ ನೇರವಾಗಿ ತಗೊಳ್ಳುತ್ತವೆ. ದುಡ್ಡಿದ್ದವರು ಅದನ್ನೇ ಕೊಳ್ಳಬಹುದು. ನಾನು ಅದನ್ನು ಬಿಟ್ಟದ್ದು ಒಂದೇ ಕಾರಣಕ್ಕೆ. ಸೀಸನ್ ನಡುವೆ ಅದು ಕೆಟ್ಟರೆ ಬದಲಿ ಬರಲು ವಾರಗಳೇ ಬೇಕು. ರಾಸ್‌ಬೆರಿ ಪೈ ಅನ್ನುವ ಒಂದೇ ಬೋರ್ಡಿನ ಚಿಕ್ಕ ಕಂಪ್ಯೂಟರ್ ಆದರೆ ಒಂದು ಹೆಚ್ಚಿಗೆ ತಂದು ಬೋಟಿನಲ್ಲೇ ಇಡಬಹುದು. ಹೀಗೆ ಪೈ 4 ಅಂತ ನಿರ್ಧಾರವಾಯಿತು. ಪೈ 5 ಇನ್ನೂ ವೇಗ, ನಿಜ. ಆದರೆ ಅದು 5 ವೋಲ್ಟಿನಲ್ಲಿ 5 ಆಂಪಿಯರ್ ಅಡಾಪ್ಟರ್ ಕೇಳುತ್ತದೆ, ಬಿಸಿಯೂ ಜಾಸ್ತಿ. ಪೈ 4ಕ್ಕೆ 3 ಆಂಪಿಯರ್ ಸಾಕು. ಮುಚ್ಚಿದ ಡಬ್ಬಿಯೊಳಗೆ ಒಂದೊಂದು ವಾಟ್ ಕೂಡ ಲೆಕ್ಕ.

ಮೊದಲು ಕರೆಂಟ್

ಬೋಟಿನ ಕಂಪ್ಯೂಟರ್ ಸಾಯುವುದಕ್ಕೆ ಉಪ್ಪಿನಷ್ಟೇ ದೊಡ್ಡ ಕಾರಣ ಕೊಳಕು ಕರೆಂಟ್. ಇಲ್ಲಿ ಎರಡು 12 ವೋಲ್ಟ್ ಬ್ಯಾಟರಿ ಸೀರೀಸಿನಲ್ಲಿ ಸೇರಿ 24 ವೋಲ್ಟ್. ಎಂಜಿನ್ ಓಡುವಾಗ ಮೀಟರಿನಲ್ಲಿ 28ಕ್ಕಿಂತ ಸ್ವಲ್ಪ ಮೇಲೆ ಕಾಣುತ್ತದೆ. ಸೆಲ್ಫ್ ಹೊಡೆದಾಗ 17ಕ್ಕೆ ಇಳಿಯುತ್ತದೆ. ಇಷ್ಟನ್ನು 24 ವೋಲ್ಟಿಗೆ ಅಂತ ಮಾಡಿದ ಯಾವ ಕನ್ವರ್ಟರ್ ಆದರೂ ತಡೆದುಕೊಳ್ಳುತ್ತದೆ.

ತಡೆಯಲಾಗದ್ದು ಬೇರೆ ಇದೆ. ಆಲ್ಟರ್ನೇಟರ್ ಜೋರಾಗಿ ಚಾರ್ಜ್ ಮಾಡುತ್ತಿರುವಾಗ ಬ್ಯಾಟರಿಗೆ ವೈರ್ ಹಿಡಿಯುವ ಲಗ್ ಸಡಿಲವಾಗಿ ಒಂದು ಕ್ಷಣ ಬಿಟ್ಟುಹೋಗುತ್ತದೆ ಅಂತಿಟ್ಟುಕೊಳ್ಳಿ. ಅಷ್ಟೂ ಕರೆಂಟಿಗೆ ಹೋಗಲು ಜಾಗವಿಲ್ಲ. ವೋಲ್ಟೇಜ್ 100 ದಾಟಿ ಹಾರಬಹುದು. ಡೀಸೆಲ್ ಎಂಜಿನ್ನಿನ ನಡುಕಕ್ಕೆ ಲಗ್ ಸಡಿಲವಾಗುವುದು ಹೊಸ ವಿಷಯವೇನಲ್ಲ. ಐಸ್ ಕ್ರಷರ್, ಬಿಲ್ಜ್ ಪಂಪ್, ವಿಂಚ್‌ನ ರಿಲೇ, ಇವೆಲ್ಲ ಆಫ್ ಆದಾಗಲೂ ಚಿಕ್ಕ ಚಿಕ್ಕ ಹೊಡೆತ ಬರುತ್ತವೆ.

ಅಂಗಡಿಗಳಲ್ಲಿ ಸಿಗುವ ಚಿಕ್ಕ ನೀಲಿ ಸ್ಟೆಪ್ ಡೌನ್ ಮಾಡ್ಯೂಲಿನಲ್ಲಿ ಸಾಮಾನ್ಯವಾಗಿ ಎಲ್‌ಎಂ2596 ಐಸಿ ಇರುತ್ತದೆ. ಅದು 40 ವೋಲ್ಟಿನವರೆಗೆ ಮಾತ್ರ. ಹೊಡೆತ ತಡೆಯಲು ಹಾಕುವ ಟಿವಿಎಸ್ ಡಯೋಡ್ ನಾನು ಆರಿಸಿದ್ದು 5ಕೆಪಿ33ಎ. ಅದು 33 ವೋಲ್ಟಿನವರೆಗೆ ಸುಮ್ಮನಿರುತ್ತದೆ. ಹೊಡೆತ ಬಂದಾಗ ಸುಮಾರು 53 ವೋಲ್ಟಿಗೆ ಹಿಡಿದು ನಿಲ್ಲಿಸುತ್ತದೆ. ಈ ಎರಡೂ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಡಯೋಡ್ ತನ್ನ ಕೆಲಸ ಸರಿಯಾಗಿ ಮಾಡಿದರೂ 40 ವೋಲ್ಟಿನ ಐಸಿ ಸುಟ್ಟೇ ಹೋಗುತ್ತದೆ. ರಕ್ಷಣೆ ಹಾಕಿದ್ದೇನೆ ಅಂತ ನಂಬಿಕೊಂಡು ಬೋಟು ಕಡಲಿಗೆ ಹೋಗುತ್ತದೆ. ಹಾಗಾಗಿ ಇನ್‌ಪುಟ್ಟಿನಲ್ಲಿ 60 ವೋಲ್ಟ್ ತಡೆಯುವ ಐಸೊಲೇಟೆಡ್ ಕನ್ವರ್ಟರ್, ಅಂದರೆ ಒಳಬದಿಗೂ ಹೊರಬದಿಗೂ ನೇರ ವೈರ್ ಸಂಪರ್ಕ ಇಲ್ಲದ್ದನ್ನು ತರಿಸಿದೆ. ಪೂರ್ತಿ ಕಟ್ಟೋಣದಲ್ಲಿ ಪೈಗಿಂತ ಜಾಸ್ತಿ ದುಡ್ಡು ಹೋದದ್ದು ಇದಕ್ಕೆ. ಅದು ಸರಿಯಾದ ಖರ್ಚು.

ಕ್ರಮ ಹೀಗಿದೆ. ಬ್ಯಾಟರಿಯ ಹತ್ತಿರ 3 ಆಂಪಿಯರ್ ಫ್ಯೂಜ್. ಅಲ್ಲಿಂದ ತವರ ಹಚ್ಚಿದ ತಾಮ್ರದ ವೈರ್ ಕ್ಯಾಬಿನ್ನಿಗೆ. ಡಬ್ಬಿಯೊಳಗೆ ಮೊದಲು ಟಿವಿಎಸ್, ಆಮೇಲೆ ಉಲ್ಟಾ ಕೊಟ್ಟರೆ ತಡೆಯುವ 100 ವೋಲ್ಟ್ ಶಾಟ್ಕಿ ಡಯೋಡ್, ಆಮೇಲೆ ಕಾಯಿಲ್ ಮತ್ತು ಕೆಪಾಸಿಟರಿನ ಫಿಲ್ಟರ್, ಕೊನೆಗೆ ಕನ್ವರ್ಟರ್. ಟಿವಿಎಸ್ ಸತ್ತರೆ ಸಾಮಾನ್ಯವಾಗಿ ಶಾರ್ಟ್ ಆಗಿಯೇ ಸಾಯುತ್ತದೆ, ಆಗ ಫ್ಯೂಜ್ ಹೋಗುತ್ತದೆ. ಒಳಗಿನದು ಉಳಿಯುತ್ತದೆ. ವೈರ್ ಬಗ್ಗೆ ಒಂದು ಮಾತು. ಬರಿ ತಾಮ್ರದ ವೈರ್ ಬೋಟಿನಲ್ಲಿ ಇನ್ಸುಲೇಶನ್ ಒಳಗೇ ಕಪ್ಪಾಗುತ್ತಾ ಹೋಗುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ತವರ ಹಚ್ಚಿದ್ದು ಸ್ವಲ್ಪ ದುಬಾರಿ, ಆದರೆ ಇಲ್ಲಿ ಬೇರೆ ದಾರಿಯಿಲ್ಲ.

5 ವೋಲ್ಟ್ ಮಾಡುವ ಕನ್ವರ್ಟರ್ ಪೈ ಪಕ್ಕದಲ್ಲೇ ಇರಬೇಕು. ದೂರದಿಂದ 5 ವೋಲ್ಟ್ ಎಳೆದು ತಂದರೆ ವೈರಿನಲ್ಲೇ ಅರ್ಧ ವೋಲ್ಟ್ ಕಳೆದುಹೋಗುತ್ತದೆ. 4.63 ವೋಲ್ಟಿಗೆ ಇಳಿದರೆ ಪೈ ಗೋಳಾಡಲು ಶುರು ಮಾಡುತ್ತದೆ.

ಇನ್ನೊಂದು ಸಮಸ್ಯೆ, ಬೋಟಿನಲ್ಲಿ ಯಾರೂ ಕಂಪ್ಯೂಟರನ್ನು ಶಟ್‌ಡೌನ್ ಮಾಡುವುದಿಲ್ಲ. ದಕ್ಕೆಗೆ ಬಂದರು, ಮೇನ್ ಸ್ವಿಚ್ ಆಫ್, ಮನೆಗೆ. ಅವರು ಮಾಡುವುದು ತಪ್ಪಲ್ಲ. ರಾತ್ರಿಯಿಡೀ ದುಡಿದು ಬಂದವರು ಮೆನು ಹುಡುಕುತ್ತಾ ಕೂರಬೇಕು ಅನ್ನುವುದು ಸರಿಯಲ್ಲ. ಅದಕ್ಕೆ 2.7 ವೋಲ್ಟ್, 100 ಫ್ಯಾರಡಿನ, ಸ್ವಲ್ಪ ಹೊತ್ತಿಗೆ ಕರೆಂಟ್ ಹಿಡಿದಿಡುವ ಎರಡು ಸೂಪರ್ ಕೆಪಾಸಿಟರ್ ಸೀರೀಸಿನಲ್ಲಿ ಹಾಕಿದೆ, ಮುಂದೆ ಒಂದು ಬೂಸ್ಟ್ ಕನ್ವರ್ಟರ್. ಮೇನ್ ಹೋದ ಕೂಡಲೇ ಪೈಯ ಒಂದು ಪಿನ್ನಿಗೆ ಸುದ್ದಿ ಮುಟ್ಟುತ್ತದೆ, ಅದು ತಾನೇ ಮುಚ್ಚಿಕೊಳ್ಳುತ್ತದೆ. 5 ವಾಟ್ ಲೆಕ್ಕ ಹಿಡಿದರೆ ಅರ್ಧ ನಿಮಿಷಕ್ಕೆ 150 ಜೂಲ್ ಬೇಕು. ಈ ಎರಡು ಸೇರಿ 5 ವೋಲ್ಟಿನಿಂದ ಮೂರೂವರೆಗೆ ಇಳಿಯುವಷ್ಟರಲ್ಲಿ 300 ಜೂಲಿಗಿಂತ ಜಾಸ್ತಿ ಕೊಡುತ್ತವೆ. ಲಿಥಿಯಂ ಬ್ಯಾಟರಿ ಹಾಕಬಹುದಿತ್ತಲ್ಲ ಅಂತ ಕೇಳುವವರಿಗೆ: ಬಿಸಿಲಲ್ಲಿ ಕಾಯುವ, ಗಾಳಿಯಾಡದ ಡಬ್ಬಿಯೊಳಗೆ, ಡೀಸೆಲ್ ತುಂಬಿದ ಬೋಟಿನಲ್ಲಿ ನಾನು ಲಿಥಿಯಂ ಇಡುವುದಿಲ್ಲ.

ಡಬ್ಬಿ ಮತ್ತು ಅದರ ಉಸಿರಾಟ

200 ಮಿಮೀ ಉದ್ದ, 120 ಅಗಲ, 75 ಎತ್ತರದ ಎರಕದ ಅಲ್ಯೂಮಿನಿಯಂ ಡಬ್ಬಿ, ಮುಚ್ಚಳಕ್ಕೆ ರಬ್ಬರ್ ಗ್ಯಾಸ್ಕೆಟ್, ಐಪಿ67. ಅಂದರೆ 1 ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೂ ತೊಂದರೆಯಿಲ್ಲ.

ಈ ಐಪಿ67 ಅನ್ನು ನಂಬಿ ಮುಚ್ಚಿಬಿಟ್ಟರೆ ಏನಾಗುತ್ತದೆ ನೋಡೋಣ. ಮಧ್ಯಾಹ್ನ ಡಬ್ಬಿಯ ಒಳಗಿನ ಗಾಳಿ 60 ಡಿಗ್ರಿ ಆಯಿತು. ಆಗ ಕಿಟಕಿಯಿಂದ ಒಂದು ತೆರೆ ನುಗ್ಗಿ ಡಬ್ಬಿಯ ಮೇಲೆ ಬಿತ್ತು. ಒಳಗಿನ ಗಾಳಿ 28ಕ್ಕೆ ಇಳಿಯಿತು. ಗಾಳಿ ಕುಗ್ಗಿ ಒಳಗಿನ ಒತ್ತಡ ಸುಮಾರು ಶೇ. 10 ಕಡಿಮೆಯಾಗುತ್ತದೆ. ಅದು 1 ಮೀಟರ್ ನೀರಿನ ಒತ್ತಡಕ್ಕೆ ಸಮ. ಅಂದರೆ ಡಬ್ಬಿ ಮುಳುಗದೆಯೇ ಮುಳುಗಿದ ಲೆಕ್ಕ. ಹೊರಗೆ ಗ್ಯಾಸ್ಕೆಟ್ಟಿನ ಮೇಲೆ, ಕೇಬಲ್ ಒಳಹೋಗುವ ತೂತನ್ನು ಬಿಗಿಯುವ ಗ್ಲ್ಯಾಂಡಿನ ಸುತ್ತ ಉಪ್ಪುನೀರು ನಿಂತಿದೆ, ಒಳಗಿನಿಂದ ಡಬ್ಬಿ ಎಳೆಯುತ್ತಿದೆ. ಹೊಸ ಗ್ಯಾಸ್ಕೆಟ್ ತಡೆಯಬಹುದು. ಸೀಸನ್ ಪೂರ್ತಿ, ದಿನಾ ಹೀಗೆ ಎಳೆದರೆ ಯಾವುದೋ ಒಂದು ಗ್ಲ್ಯಾಂಡ್ ಸೋಲುತ್ತದೆ. ಒಳಗೆ ಹೋದ ನೀರು ಹೊರಗೆ ಬರುವುದಿಲ್ಲ.

ಇದಕ್ಕೆ ಪರಿಹಾರ ಒಂದು ಚಿಕ್ಕ ವೆಂಟ್ ಪ್ಲಗ್. ಬೋಲ್ಟಿನ ಗಾತ್ರದ್ದು. ಒಳಗೆ ತೆಳುವಾದ ಟೆಫ್ಲಾನ್ ಪೊರೆ. ಗಾಳಿ ಹಾಯುತ್ತದೆ, ನೀರು ಹಾಯುವುದಿಲ್ಲ. ಒತ್ತಡ ಸಮವಾಗುತ್ತದೆ, ಗ್ಯಾಸ್ಕೆಟ್ಟಿಗೆ ಎಳೆತವೇ ಇಲ್ಲ. ಡಬ್ಬಿಯ ತಳಭಾಗದಲ್ಲಿ ಕೂರಿಸಿದೆ.

"ಗಾಳಿ ಹಾಯ್ದರೆ ತೇವವೂ ಹಾಯುತ್ತದಲ್ಲ?" ಅಂತ ನನ್ನ ಜೊತೆ ಕೆಲಸ ಮಾಡುವ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಹಾಯುತ್ತದೆ. ಆದರೆ ಉಪ್ಪು ಹಾಯುವುದಿಲ್ಲ. ಇನ್ನು ತೇವದ ಲೆಕ್ಕ. 28 ಡಿಗ್ರಿಯಲ್ಲಿ ಶೇ. 90 ತೇವ ಇರುವ ಗಾಳಿಯನ್ನು 38 ಡಿಗ್ರಿಗೆ ಬಿಸಿ ಮಾಡಿದರೆ ಅದೇ ತೇವ ಸುಮಾರು ಶೇ. 51ಕ್ಕೆ ಇಳಿಯುತ್ತದೆ. ನೀರು ಅಷ್ಟೇ ಇರುತ್ತದೆ, ಬಿಸಿ ಗಾಳಿ ಇನ್ನಷ್ಟು ಹಿಡಿಯಬಲ್ಲದು. ಪೈ ಓಡುತ್ತಿರುವಾಗ ಡಬ್ಬಿಯ ಒಳಗೆ ಯಾವಾಗಲೂ ಹೊರಗಿಗಿಂತ ಬಿಸಿ. ಆದ್ದರಿಂದ ಓಡುವ ಕಂಪ್ಯೂಟರ್ ತನ್ನನ್ನು ತಾನೇ ಒಣಗಿಸಿಕೊಳ್ಳುತ್ತದೆ. ಆಫ್ ಆಗಿ ದಕ್ಕೆಯಲ್ಲಿ ನಿಂತ ಬೋಟಿನ ಕಂಪ್ಯೂಟರಿಗೇ ಜಾಸ್ತಿ ಅಪಾಯ. ನಿಷೇಧದ ಎರಡು ತಿಂಗಳು ಇದನ್ನು ಬಿಚ್ಚಿ ಮನೆಗೆ ತರಬೇಕು ಅಂತ ಮಾಮನಿಗೆ ಮೊದಲೇ ಹೇಳಿಟ್ಟಿದ್ದೇನೆ.

ಶೇ. 51 ಅಂದರೂ ಮೆಗ್ನೀಸಿಯಂ ಕ್ಲೋರೈಡ್ ಒಣಗುವುದಿಲ್ಲ ಅನ್ನುವುದು ನೆನಪಿರಲಿ. ಹಾಗಾಗಿ ಜೋಡಿಸುವಾಗಲೇ ಉಪ್ಪು ಒಳಗೆ ಹೋಗಬಾರದು. ದಕ್ಕೆಯ ಮೇಲೆ ಕೂತು ಡಬ್ಬಿ ಮುಚ್ಚುವ ಕೆಲಸ ಬೇಡವೇ ಬೇಡ. ಬೆವರಿನಲ್ಲೂ ಉಪ್ಪಿದೆ. ಕೈಗೆ ಗ್ಲೌಸ್ ಹಾಕಿ, ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಬ್ರಷ್ಷಿನಿಂದ ತೊಳೆದು, ಚೆನ್ನಾಗಿ ಒಣಗಿಸಿ, ಆಮೇಲೆ ತೇವ ತಾಗದಂತೆ ಬೋರ್ಡಿನ ಮೇಲೆ ತೆಳ್ಳಗೆ ಕೂರುವ ಕನ್ಫಾರ್ಮಲ್ ಕೋಟಿಂಗ್ ಹೊಡೆದೆ. ಅಕ್ರಿಲಿಕ್ ಸ್ಪ್ರೇ. ಹೊಡೆಯುವ ಮೊದಲು ಯುಎಸ್‌ಬಿ, ಎಚ್‌ಡಿಎಂಐ, ಪಿನ್ನುಗಳು ಎಲ್ಲಕ್ಕೂ ಟೇಪ್ ಸುತ್ತಬೇಕು. ಪ್ರೊಸೆಸರಿನ ಮೇಲ್ಭಾಗಕ್ಕೂ. ಯುವಿ ಟಾರ್ಚಿನಲ್ಲಿ ಹೊಳೆಯುವ ಕೋಟಿಂಗ್ ತಗೊಂಡರೆ ಎಲ್ಲಿ ಬಿಟ್ಟಿದೆ ಅಂತ ಕತ್ತಲಲ್ಲಿ ಕಾಣುತ್ತದೆ. ಕೊಳಕು ಬೋರ್ಡಿನ ಮೇಲೆ ಕೋಟಿಂಗ್ ಹೊಡೆದರೆ ಉಪ್ಪನ್ನು ಒಳಗೇ ಕೂಡಿಹಾಕಿದಂತೆ, ಹೊಡೆಯದೇ ಇರುವುದೇ ವಾಸಿ.

ಸಿಲಿಕೋನ್ ಬಗ್ಗೆಯೂ ಹೇಳಬೇಕು. ಕೇಬಲ್ ಅಲುಗಾಡದಂತೆ ಅಂಟಿಸಲು ನಮ್ಮ ಕಡೆ ಬಾತ್‌ರೂಮಿಗೆ ಬಳಸುವ ಸಿಲಿಕೋನನ್ನೇ ಹಚ್ಚುತ್ತಾರೆ. ಹಚ್ಚುವಾಗ ವಿನಿಗರ್ ವಾಸನೆ ಬಂದರೆ ಅದರಿಂದ ಅಸಿಟಿಕ್ ಆಮ್ಲ ಹೊರಡುತ್ತಿದೆ ಅಂತ ಅರ್ಥ. ಅದು ತಾಮ್ರವನ್ನು ತಿನ್ನುತ್ತದೆ. ಮುಚ್ಚಿದ ಡಬ್ಬಿಯಲ್ಲಂತೂ ಬಿಡುವುದೇ ಇಲ್ಲ. ನ್ಯೂಟ್ರಲ್ ಕ್ಯೂರ್ ಅಂತ ಬರೆದದ್ದೇ ಬೇಕು.

ಬಿಸಿಯ ವಿಷಯ ಬೇಗ ಮುಗಿಯಿತು. ಪ್ರೊಸೆಸರಿನಿಂದ ಡಬ್ಬಿಯ ಗೋಡೆಗೆ ಒಂದು ಅಲ್ಯೂಮಿನಿಯಂ ತುಂಡು, ನಡುವೆ ಥರ್ಮಲ್ ಪ್ಯಾಡ್. ಡಬ್ಬಿಯ ಹೊರಮೈ ಹೆಚ್ಚುಕಡಿಮೆ 0.1 ಚದರ ಮೀಟರ್. 7 ವಾಟ್ ಬಿಸಿ ಹೊರಗೆ ಹೋಗಲು ಮೈ ಸುಮಾರು 7ರಿಂದ 9 ಡಿಗ್ರಿ ಏರಿದರೆ ಸಾಕು. ಮಧ್ಯಾಹ್ನ ಕ್ಯಾಬಿನ್ 41 ಡಿಗ್ರಿ ಇದ್ದಾಗ ಪ್ರೊಸೆಸರ್ 63ರಲ್ಲಿ ನಿಂತಿತ್ತು. 80 ಮುಟ್ಟಿದರೆ ಮಾತ್ರ ಪೈ ವೇಗ ಇಳಿಸುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಇದು ಆಗುತ್ತಿರಲಿಲ್ಲ.

ಸ್ಟೀಲ್ ಸ್ಕ್ರೂ ಅಲ್ಯೂಮಿನಿಯಂಗೆ ನೇರ ತಾಗಿದರೆ ಉಪ್ಪುಗಾಳಿಯಲ್ಲಿ ಅಲ್ಯೂಮಿನಿಯಂ ಪುಡಿಯಾಗುತ್ತದೆ. ಹೊರಗೆ ನೈಲಾನ್ ವಾಷರ್, ಎಳೆಗಳಿಗೆ ಮೆರೈನ್ ಗ್ರೀಸ್. ಒಳಗಿನ ಸ್ಕ್ರೂಗಳಿಗೆ ನೀಲಿ ಲಾಕ್‌ಟೈಟ್, ನಡುಕಕ್ಕೆ ಬಿಚ್ಚದಿರಲಿ ಅಂತ. ಎಲ್ಲ ಕೇಬಲ್ಲುಗಳೂ ಡಬ್ಬಿಯ ಕೆಳಗಿನಿಂದಲೇ ಒಳಗೆ ಹೋಗುತ್ತವೆ. ಹೋಗುವ ಮೊದಲು ಕೆಳಗೆ ಒಂದು ಬಳುಕು ಕೊಟ್ಟಿದ್ದೇನೆ. ಕೇಬಲ್ ಹಿಡಿದು ಇಳಿದ ನೀರು ಅಲ್ಲಿಂದಲೇ ತೊಟ್ಟಿಕ್ಕುತ್ತದೆ, ಗ್ಲ್ಯಾಂಡಿಗೆ ಮುಟ್ಟುವುದಿಲ್ಲ.

ಪರದೆ, ಗುಂಡಿಗಳು

ಸಾಮಾನ್ಯ ಲ್ಯಾಪ್‌ಟಾಪಿನ ಬೆಳಕು 250ರಿಂದ 300 ನಿಟ್ (ಪರದೆಯ ಬೆಳಕಿನ ಅಳತೆ). ಬೆಳಗಿನ ಹತ್ತು ಗಂಟೆಯ ಮೇಲೆ ಕ್ಯಾಬಿನ್ನಿನಲ್ಲಿ ಏನೂ ಕಾಣುವುದಿಲ್ಲ. 10 ಇಂಚಿನ, 1000 ನಿಟ್ಟಿನ ಇಂಡಸ್ಟ್ರಿಯಲ್ ಪರದೆ ಹಾಕಿದೆ. ಅದಕ್ಕೆ ಬೇಕಾದ 12 ವೋಲ್ಟಿಗೆ ಬೇರೆಯೇ ಕನ್ವರ್ಟರ್ ಇದೆ. ಪೂರ್ತಿ ಬೆಳಕಿನಲ್ಲಿ ಪರದೆಗೇ 12 ವಾಟ್ ಬೇಕು. ಎಲ್ಲ ಸೇರಿ 20 ವಾಟ್, ಅಂದರೆ 24 ವೋಲ್ಟಿನಲ್ಲಿ 1 ಆಂಪಿಯರಿಗಿಂತ ಕಡಿಮೆ. ರಾತ್ರಿ ಅಷ್ಟು ಬೆಳಕು ಕಣ್ಣಿಗೆ ಹೊಡೆದರೆ ಹೊರಗಿನ ಕತ್ತಲಲ್ಲಿ ಏನೂ ಕಾಣದು. ಅದಕ್ಕೇ ತೀರಾ ಮಂದ ಮಾಡುವ ವ್ಯವಸ್ಥೆ ಇರುವ ಪರದೆಯನ್ನೇ ಹುಡುಕಿದೆ.

ಟಚ್ ಬೇಡ ಅಂತ ಮಾಮನೇ ಹೇಳಿದರು. ಕೈಯಲ್ಲಿ ಯಾವಾಗಲೂ ನೀರು, ಮೀನಿನ ಲೋಳೆ. ಬದಲಿಗೆ ಐದು ಗುಂಡಿ, ನೀರು ಹೋಗದವು, ಬೆರಳಿಗೆ ಚೆನ್ನಾಗಿ ಸಿಗುವವು. ಹತ್ತಿರ, ದೂರ, ಗುರುತು, ರಾತ್ರಿ. ಐದನೆಯದು ಕೆಂಪು. ಯಾರಾದರೂ ನೀರಿಗೆ ಬಿದ್ದರೆ ಒತ್ತುವುದಕ್ಕೆ. ಒತ್ತಿದ ಕ್ಷಣದ ಜಾಗ ನಕ್ಷೆಯಲ್ಲಿ ನಿಲ್ಲುತ್ತದೆ, ಅಲ್ಲಿಗೆ ಹಿಂದಿರುಗುವ ಗೆರೆ ಮೂಡುತ್ತದೆ. ಗುಂಡಿಗಳನ್ನೆಲ್ಲ ಒಂದು ರಾಸ್‌ಬೆರಿ ಪೈ ಪಿಕೊ ಅನ್ನುವ ಚಿಕ್ಕ ಬೋರ್ಡಿಗೆ ಸೇರಿಸಿದ್ದೇನೆ. ಅದು ಪೈಗೆ ಕೀಬೋರ್ಡಿನಂತೆ ಕಾಣಿಸಿಕೊಳ್ಳುತ್ತದೆ. ಹೆಸರುಗಳನ್ನು ಕನ್ನಡದಲ್ಲೇ ಕೆತ್ತಿಸಿದೆ, ಬೋಟಿನಲ್ಲಿರುವ ಖಲಾಸಿ ಹುಡುಗರು ಎಲ್ಲರಿಗೂ ಓದಲು ಬರುವಂತೆ.

ಕಡಲ ನಕ್ಷೆ ತೋರಿಸುವ ಸಾಫ್ಟ್‌ವೇರ್ ಓಪನ್‌ಸಿಪಿಎನ್. ಉಚಿತ, ಪೈ ಮೇಲೆ ಹಗುರವಾಗಿ ಓಡುತ್ತದೆ. ಬೋಟಿನಲ್ಲಿ ಮೊದಲೇ ಇದ್ದ ಜಿಪಿಎಸ್ ತನ್ನ ಮಾಹಿತಿಯನ್ನು ಹಡಗಿನ ಉಪಕರಣಗಳು ಬಳಸುವ ಎನ್‌ಎಂಇಎ 0183 ರೂಪದಲ್ಲಿ ಹೊರಗೆ ಕೊಡುತ್ತದೆ, ವೇಗ ಸೆಕೆಂಡಿಗೆ 4800 ಬಿಟ್. ಎಐಎಸ್ ರಿಸೀವರ್ 38400. ಎರಡೂ ಐಸೊಲೇಟೆಡ್ ಯುಎಸ್‌ಬಿ ಕನ್ವರ್ಟರ್ ಮೂಲಕ ಬರುತ್ತವೆ. ಪೈಯ ಮೆಮೊರಿ ಕಾರ್ಡು ಹಾಳಾಗದಿರಲು ಓವರ್‌ಲೇ ಆನ್ ಮಾಡಿದ್ದೇನೆ. ಅಂದರೆ ಓಡುವಾಗ ಕಾರ್ಡಿನ ಮೇಲೆ ಏನೂ ಬರೆಯುವುದಿಲ್ಲ. ದಾರಿಯ ದಾಖಲೆ, ಹೊಸ ಗುರುತುಗಳು ಮಾತ್ರ ಬೇರೆ ಪೆನ್‌ಡ್ರೈವಿಗೆ ಹೋಗುತ್ತವೆ. ನಮ್ಮ ಕಡಲಿನ ಅಧಿಕೃತ ನಕ್ಷೆಗಳನ್ನು ಮಾಡುವುದು ಡೆಹ್ರಾಡೂನಿನ ನ್ಯಾಷನಲ್ ಹೈಡ್ರೋಗ್ರಾಫಿಕ್ ಆಫೀಸ್. ಕಂಪ್ಯೂಟರಿನಲ್ಲಿ ಏನೇ ಕಂಡರೂ ಹಳೆಯ ಜಿಪಿಎಸ್ ಮತ್ತು ದಿಕ್ಸೂಚಿ ಬೋಟಿನಲ್ಲಿ ಇದ್ದೇ ಇರಬೇಕು. ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಮಾಮನ ಗುರುತುಗಳನ್ನು ಏರಿಸುವ ಕೆಲಸಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ಅವರ ಹತ್ತಿರ ಒಂದು ನೋಟ್‌ಬುಕ್ ಇದೆ. ಬಲೆ ಸಿಕ್ಕಿ ಹರಿಯುವ ಬಂಡೆ, ಎಷ್ಟು ಮಾರು ಆಳ, ಯಾವ ತಿಂಗಳು ಯಾವ ಮೀನು, ಎಲ್ಲವೂ ಅದರಲ್ಲಿದೆ. ಜೀವಮಾನದ ದುಡಿಮೆ ಅದು. ಬರೆದದ್ದು ಡಿಗ್ರಿ ಮತ್ತು ಮಿನಿಟ್‌ಗಳಲ್ಲಿ. ಕಂಪ್ಯೂಟರ್ ಕೇಳುವುದು ಕೆಲವೊಮ್ಮೆ ಬರಿ ಡಿಗ್ರಿಯಲ್ಲಿ. ಕಾರವಾರ ಸುಮಾರು 14 ಡಿಗ್ರಿ 48.6 ಮಿನಿಟ್ ಉತ್ತರದಲ್ಲಿದೆ. ಆ ಮಿನಿಟನ್ನು 60ರಿಂದ ಭಾಗಿಸಿ, ಡಿಗ್ರಿಗೆ ಕೂಡಿಸಿ 14.81 ಅಂತ ಬರೆಯಬೇಕು. ಹಾಗೇ 14.486 ಅಂತ ಹಾಕಿದರೆ ಗುರುತು 19 ನಾಟಿಕಲ್ ಮೈಲು ದಕ್ಷಿಣಕ್ಕೆ, ತದಡಿಗೂ ಕುಮಟಾಕ್ಕೂ ನಡುವೆ ಹೋಗಿ ಕೂರುತ್ತದೆ. ಉತ್ತರ-ದಕ್ಷಿಣದಲ್ಲಿ ಒಂದು ಮಿನಿಟ್ ಅಂದರೆ ಸುಮಾರು 1852 ಮೀಟರ್. ಪ್ರತಿ ಗುರುತನ್ನೂ ಮಾಮ ಓದಿದರು, ನಾನು ಹಾಕಿದೆ, ನಕ್ಷೆಯಲ್ಲಿ ತೋರಿಸಿ "ಇಲ್ಲೇನಾ?" ಅಂತ ಕೇಳಿದೆ. ಅವರು ಹೂಂ ಅಂದ ಮೇಲೆಯೇ ಮುಂದಿನದು.

ಬೋಟಿಗೆ ಏರಿಸಿದ್ದು

ಮೇಜಿನ ಮೇಲೆ ಮೊದಲು ಪರೀಕ್ಷೆ. ವೋಲ್ಟೇಜನ್ನು 16ಕ್ಕೆ ಇಳಿಸಿ, 30ಕ್ಕೆ ಏರಿಸಿ ನೋಡಿದೆ. ಪಕ್ಕದಲ್ಲೇ ದೊಡ್ಡ ರಿಲೇಯನ್ನು ಟಕಟಕ ಅನ್ನಿಸಿದೆ. ಡಬ್ಬಿಯನ್ನು ಬಿಸಿ ಮಾಡಿ ಮೇಲೆ ತಣ್ಣೀರು ಸುರಿದು, ಬಿಚ್ಚಿ, ಒಳಗೆ ಇಟ್ಟಿದ್ದ ಟಿಶ್ಯೂ ಕಾಗದ ಮುಟ್ಟಿ ನೋಡಿದೆ. ಒಣಗಿಯೇ ಇತ್ತು. ಆಮೇಲೆ ಜುಲೈ ಮಳೆಯಲ್ಲಿ ಅಂಗಡಿಯ ತಾರಸಿಯ ಮೇಲೆ ಓಡುತ್ತಾ ಬಿದ್ದಿತ್ತು. ಕಾರವಾರದ ಮಳೆಗಿಂತ ಕಠಿಣ ಪರೀಕ್ಷೆ ನನಗೆ ಬೇರೆಲ್ಲೂ ಸಿಗುವುದಿಲ್ಲ.

ಬೋಟಿನಲ್ಲಿ ಕೂರಿಸುವಾಗ ಎರಡು ವಿಷಯ ನೋಡಬೇಕು. ಒಂದು ದಿಕ್ಸೂಚಿ. ಪರದೆ ಆನ್ ಮಾಡಿ, ಆಫ್ ಮಾಡಿ, ಮುಳ್ಳು ಅಲುಗುತ್ತದಾ ಅಂತ ನೋಡಿದೆ. ಮೊದಲು ಹಿಡಿದ ಜಾಗದಲ್ಲಿ ಸ್ವಲ್ಪ ಎಳೆಯಿತು. ಪರದೆಯನ್ನು ಎಡಕ್ಕೆ ಸರಿಸಿದ ಮೇಲೆ ನಿಂತಿತು. ಸ್ಪೀಕರ್ ಇರುವ ಪರದೆ ಆದರೆ ಅದರ ಅಯಸ್ಕಾಂತ ತೆಗೆದುಹಾಕುವುದೇ ಒಳ್ಳೆಯದು. ಇನ್ನೊಂದು ವಿಎಚ್‌ಎಫ್, ಬೋಟಿನಲ್ಲಿ ಮಾತಾಡುವ ರೇಡಿಯೋ. ಅಗ್ಗದ ಕನ್ವರ್ಟರು, ಎಚ್‌ಡಿಎಂಐ ಕೇಬಲ್ಲು ಇವೆರಡೂ ರೇಡಿಯೋದಲ್ಲಿ ಗದ್ದಲ ಎಬ್ಬಿಸುತ್ತವೆ. ಚಾನೆಲ್ 16 ಹಾಕಿ, ಸಣ್ಣ ಗದ್ದಲವನ್ನು ಅಡಗಿಸುವ ಸ್ಕ್ವೆಲ್ಚ್ ತೀರಾ ಕಡಿಮೆ ಮಾಡಿ, ಪರದೆ ಆನ್ ಮಾಡಿದೆ. ಸಣ್ಣಗೆ ಶಬ್ದ ಬಂತು. ಎಚ್‌ಡಿಎಂಐ ಕೇಬಲ್ಲಿನ ಎರಡೂ ತುದಿಗೆ ಗದ್ದಲ ತಡೆಯುವ ಫೆರೈಟ್ ಉಂಗುರ ಹಾಕಿ, ಆಂಟೆನಾ ಕೇಬಲ್ಲನ್ನು ಅದರಿಂದ ದೂರಕ್ಕೆ ಒಯ್ದ ಮೇಲೆ ಹೋಯಿತು. ಆಪತ್ತಿನಲ್ಲಿ ಕರೆಯುವ ಚಾನೆಲ್ ಅದು. ಕಂಪ್ಯೂಟರ್ ಹಾಕಿ ಅದನ್ನು ಕಿವುಡು ಮಾಡಿದರೆ ಏನು ಬಂತು?

ಆಗಸ್ಟಿನಲ್ಲಿ ಬೋಟು ಹೊರಟಾಗ ನಾನೂ ಹೋದೆ. ದೇವಗಡ ದ್ವೀಪದ ದೀಪಸ್ತಂಭ ದಾಟುವವರೆಗೂ ತೆರೆ ಜೋರಾಗಿತ್ತು. ಪರದೆಯ ಮೇಲೆ ದ್ವೀಪ, ಕಿಟಕಿಯಲ್ಲಿ ದ್ವೀಪ, ಎರಡೂ ಸರಿಯಾಗಿ ಕೂಡುತ್ತಿದ್ದವು. ಮೊದಲ ಹಡಗು ಕಂಡದ್ದು ಪಶ್ಚಿಮದಲ್ಲಿ, ಕಣ್ಣಿಗೆ ಕಾಣುವುದಕ್ಕಿಂತ ಎಷ್ಟೋ ಮೊದಲು. ಟ್ಯಾಂಕರ್, ಮಂಗಳೂರಿನ ಕಡೆಗೆ. ಹೆಸರೂ ಬಂತು, ನಮ್ಮ ಹತ್ತಿರ ಎಷ್ಟು ದೂರದಲ್ಲಿ ಹಾಯುತ್ತದೆ ಅನ್ನುವುದೂ ಬಂತು. ಮಾಮ ಆ ಚಿಕ್ಕ ತ್ರಿಕೋನವನ್ನೇ ನೋಡುತ್ತಾ ನಿಂತಿದ್ದರು. "ಇದು ರಾತ್ರಿ ಬೇಕು ತಮ್ಮಾ" ಅಂದರು. ಎಐಎಸ್ ಇಲ್ಲದ ಬೋಟುಗಳು ಇದರಲ್ಲಿ ಕಾಣುವುದೇ ಇಲ್ಲ, ಕಣ್ಣು ಹೊರಗೇ ಇರಬೇಕು ಅಂತ ಅಲ್ಲಿದ್ದ ಹುಡುಗರಿಗೆಲ್ಲ ಮತ್ತೆ ಮತ್ತೆ ಹೇಳಿದೆ.

ಈಗ ಕ್ಯಾಬಿನ್ನಿನ ಹಲಗೆಯ ಹಿಂದೆ ಗಾಳಿಯಾಡದ ಒಂದು ಡಬ್ಬಿ ಇದೆ. ಅದರಲ್ಲಿ ಸಿಲಿಕಾ ಜೆಲ್ ಜೊತೆ ಒಂದು ಪೈ, ಎಲ್ಲ ಹಾಕಿ ತಯಾರಿಟ್ಟ ಒಂದು ಕಾರ್ಡು, ಎರಡು ಫ್ಯೂಜ್, ಒಂದು ಕನ್ವರ್ಟರ್. ಬದಲಾಯಿಸುವುದನ್ನು ಮಾಮನ ಮಗ ಕಲಿತಿದ್ದಾನೆ. ಡಬ್ಬಿ ಬಿಚ್ಚುವ ಕೆಲಸ ಬಂದರೆ ದಕ್ಕೆಗೆ ಬಂದ ಮೇಲೆ, ಸಿಹಿನೀರಿನಲ್ಲಿ ಒರೆಸಿದ ಮೇಲೆ, ಒಣ ಕೈಯಲ್ಲಿ ಅಂತ ಮುಚ್ಚಳದ ಮೇಲೆ ಬರೆದಿದ್ದೇನೆ.

ಉಳಿದ ಕೆಲಸ ಎರಡು. ಮಾಸ್ಟಿನ ತುದಿಯ ಆಂಟೆನಾ ಜಾಯಿಂಟಿಗೆ ಈಗ ಸುತ್ತಿದ ಸೆಲ್ಫ್ ಅಮಾಲ್ಗಮೇಟಿಂಗ್ (ತನಗೆ ತಾನೇ ಬೆಸೆದುಕೊಳ್ಳುವ) ಟೇಪಿನ ಮೇಲೆ ಇನ್ನೊಂದು ಪದರ ಬೇಕು. ಬಿಸಿಲಿಗೆ ಅದು ಬೇಗ ಬಿರಿಯುತ್ತದೆ. ಇನ್ನು ಕೆಂಪು ಗುಂಡಿಗೆ ಮೇಲೆತ್ತುವ ಮುಚ್ಚಳ. ಬಲೆ ಎಳೆಯುವ ಗಡಿಬಿಡಿಯಲ್ಲಿ ಯಾರದ್ದೋ ಮೊಣಕೈ ತಾಗಿ ಸುಮ್ನೆ ಒತ್ತಿಹೋಗುತ್ತಿದೆಯಂತೆ. ಮುಚ್ಚಳ ತರಿಸಿದ್ದೇನೆ, ಬೋಟು ದಕ್ಕೆಗೆ ಬಂದ ದಿನ ಹೋಗಿ ಹಾಕುತ್ತೇನೆ.